ಅದೇ ಸಿಂಫನಿ, ಯಾವ ರಾತ್ರಿಯದ್ದು? ಲೈವ್ ರೆಕಾರ್ಡಿಂಗ್ ಆರಿಸಿಕೊಳ್ಳುವವರಿಗೆ

ಬೀಥೋವನ್‌ನ ಒಂಬತ್ತನೇ ಸಿಂಫನಿ (ಆರ್ಕೆಸ್ಟ್ರಾಕ್ಕೆಂದು ಬರೆದ, ಹಲವು ಭಾಗಗಳ ಉದ್ದ ಕೃತಿ) ಅಂತ ಯಾವುದಾದರೂ ಆ್ಯಪ್‌ನಲ್ಲಿ ಹುಡುಕಿ ನೋಡಿ. ಪಟ್ಟಿ ಮುಗಿಯುವುದೇ ಇಲ್ಲ. ಮೇಲೆ ಬಂದದ್ದನ್ನು ಒತ್ತಿ ಕೇಳುವವರೇ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡನೇ ಸಲ ಕೇಳಬೇಕು ಅನ್ನಿಸಿದಾಗ, ಇಲ್ಲವೇ ದುಡ್ಡು ಕೊಟ್ಟು ಕೊಳ್ಳುವಾಗ, ಯಾವುದು ಅಂತ ಯೋಚಿಸಲೇಬೇಕಾಗುತ್ತದೆ. ಸ್ಟುಡಿಯೋದ್ದು ಸಾಕೋ, ಲೈವ್ ಬೇಕೋ? ಲೈವ್ ಆದರೆ ಯಾವುದು?

ಕವರಿನ ಮೇಲಿನ ‘ಲೈವ್’ ಎಂಬ ಮಾತನ್ನು ಸುಮ್ನೆ ನಂಬಬೇಡಿ. ಆ ಹೆಸರಿನಲ್ಲಿ ಮೂರು ಬಗೆಯ ಸರಕು ಬರುತ್ತದೆ. ಮೊದಲನೆಯದು ಒಂದೇ ರಾತ್ರಿಯ ಕಚೇರಿ. ಹೆಚ್ಚಾಗಿ ರೇಡಿಯೋದವರು ಪ್ರಸಾರಕ್ಕೆಂದು ಹಿಡಿದದ್ದು. ತಪ್ಪಿದ ಸ್ವರ, ಕೆಮ್ಮು, ಕುರ್ಚಿ ಕಿರುಗುಟ್ಟಿದ್ದು ಎಲ್ಲ ಹಾಗೇ ಇರುತ್ತದೆ. ಎರಡನೆಯದು, ಅದೇ ಕಾರ್ಯಕ್ರಮವನ್ನು ಎರಡು ಮೂರು ರಾತ್ರಿ ನುಡಿಸಿ, ಚೆನ್ನಾಗಿ ಬಂದ ಭಾಗಗಳನ್ನು ಆಯ್ದು ಜೋಡಿಸಿದ್ದು. ಈಗ ಆರ್ಕೆಸ್ಟ್ರಾಗಳು ತಮ್ಮದೇ ಲೇಬಲ್‌ನಲ್ಲಿ (ರೆಕಾರ್ಡು ಹೊರತರುವ ಕಂಪನಿ) ತರುವ ಲೈವ್ ಬಹುಮಟ್ಟಿಗೆ ಇದೇ. ಮೂರನೆಯದರಲ್ಲಿ ಇದರ ಜೊತೆಗೆ ತೇಪೆಯೂ ಇರುತ್ತದೆ. ಜನ ಎದ್ದು ಹೋದ ಮೇಲೆ ಖಾಲಿ ಸಭಾಂಗಣದಲ್ಲಿ, ಕೆಟ್ಟುಹೋದ ಸಾಲುಗಳನ್ನಷ್ಟೇ ಮತ್ತೆ ನುಡಿಸಿ ಒಳಗೆ ಕೂರಿಸುತ್ತಾರೆ. ಎಂಜಿನಿಯರುಗಳ ಬಾಯಲ್ಲಿ ಅದು ‘ಪ್ಯಾಚ್ ಸೆಷನ್’.

ಯಾವುದು ಯಾವ ಬಗೆ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಸಿಡಿಯ ಹಿಂಬದಿಯಲ್ಲೋ ಪುಸ್ತಿಕೆಯಲ್ಲೋ ರೆಕಾರ್ಡ್ ಆದ ತಾರೀಖು ಇರುತ್ತದೆ. ಒಂದೇ ತಾರೀಖು ಇದ್ದರೆ ಒಂದೇ ರಾತ್ರಿ ಅಂತ ಬಹುಪಾಲು ನಂಬಬಹುದು. ಮೂರು ನಾಲ್ಕು ದಿನ ಬರೆದಿದ್ದರೆ ಜೋಡಿಸಿದ್ದು. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹೆಚ್ಚಾಗಿ ಬಿಡುಗಡೆಯ ವರ್ಷ ಮಾತ್ರ ಕಾಣುತ್ತದೆ. 1938ರ ಕಚೇರಿ 2010ರದ್ದು ಅಂತ ತೋರಿಸಿದರೂ ತೋರಿಸಿತು. ಹಾಗಾಗಿ ಲೇಬಲ್‌ನ ಸೈಟಿಗೆ ಹೋಗಿ ನೋಡುವುದು ಒಳ್ಳೆಯದು.

ನನ್ನ ಲೆಕ್ಕ ಇಷ್ಟು: ಕೃತಿ ಗೊತ್ತಾಗಬೇಕಿದ್ದರೆ ಸ್ಟುಡಿಯೋದ್ದನ್ನೋ ಜೋಡಿಸಿದ ಲೈವನ್ನೋ ತಗೊಳ್ಳಿ. ಆ ರಾತ್ರಿ ಬೇಕಿದ್ದರೆ ಒಂದೇ ರಾತ್ರಿಯದ್ದನ್ನು ತಗೊಳ್ಳಿ, ಗದ್ದಲವನ್ನೂ ಸಹಿಸಿಕೊಳ್ಳಿ. ಎರಡೂ ಒಂದರಲ್ಲೇ ಸಿಗುವುದು ಅಪರೂಪ.

ಬೀಥೋವನ್ ಒಂಬತ್ತು: ಒಂದು ಸಂಜೆ, ಮೂರು ರೆಕಾರ್ಡು

1951ರ ಜುಲೈ 29. ಯುದ್ಧ ಮುಗಿದ ಮೇಲೆ ಜರ್ಮನಿಯ ಬೈರಾಯ್ಟ್ ಉತ್ಸವ ಮತ್ತೆ ಬಾಗಿಲು ತೆರೆದ ದಿನ. ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸುವವರು) ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಅಂದು ಒಂಬತ್ತನೆಯದನ್ನು ನಡೆಸಿದರು. ಲೈವ್ ಅಂದ ಕೂಡಲೇ ಹಳೆಯ ಕೇಳುಗರು ಎತ್ತುವ ಮೊದಲ ಹೆಸರು ಇದು. ತಮಾಷೆಯೆಂದರೆ ಇದು ಮೂರು ರೂಪದಲ್ಲಿ ಸಿಗುತ್ತದೆ. ಫುರ್ಟ್‌ವೆಂಗ್ಲರ್ ತೀರಿಕೊಂಡ ಮರುವರ್ಷ, 1955ರಲ್ಲಿ ಇಎಂಐ ಹೊರತಂದದ್ದು ಒಂದು. ಬವೇರಿಯನ್ ರೇಡಿಯೋದ ಟೇಪಿನಿಂದ ಆರ್ಫಿಯೋ ಲೇಬಲ್ ತಂದದ್ದು ಇನ್ನೊಂದು. ಸ್ವೀಡನ್ ರೇಡಿಯೋ ಆ ಸಂಜೆ ಹಿಡಿದಿಟ್ಟಿದ್ದ ಪ್ರಸಾರವನ್ನು ಬಿಸ್ ಲೇಬಲ್ 2021ರಲ್ಲಿ ತಂದದ್ದು ಮತ್ತೊಂದು.

ಇಎಂಐದೂ ಆರ್ಫಿಯೋದೂ ಪಕ್ಕಪಕ್ಕ ಇಟ್ಟು ಕೇಳಿದರೆ ಒಂದೇ ಅಲ್ಲ ಅಂತ ತಿಳಿಯುತ್ತದೆ. ಇಎಂಐನ ವಾಲ್ಟರ್ ಲೆಗ್ ತಾಲೀಮಿನ ಭಾಗಗಳನ್ನೂ ಸೇರಿಸಿ ಅದನ್ನು ಕಟ್ಟಿದ್ದರು ಎನ್ನುವುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ. ಅಂದರೆ ಅರ್ಧ ಶತಮಾನ ಕಾಲ ಜನ ‘ಆ ರಾತ್ರಿ’ ಅಂತ ಕಣ್ಣು ಒದ್ದೆ ಮಾಡಿಕೊಂಡು ಕೇಳಿದ್ದು ಪೂರ್ತಿ ಆ ರಾತ್ರಿಯದ್ದಲ್ಲ! ಸದ್ದಿನ ಮಟ್ಟಿಗೆ ಇಎಂಐದೇ ಕಿವಿಗೆ ಹಿತ. ಆದರೂ ನಾನು ಸ್ವೀಡನ್ನಿನ ಟೇಪಿನ ಕಡೆ ವಾಲುತ್ತೇನೆ. ಅದರಲ್ಲಿ ಉದ್ಘೋಷಕರ ಮಾತೂ ಇದೆ, ಶುರುವಾಗುವ ಮುಂಚಿನ ಕಾಯುವಿಕೆಯೂ ಇದೆ. ಕೊನೆಯ ಒಂದು ನಿಮಿಷ ಮಾತ್ರ ಯಾವುದರಲ್ಲಾದರೂ ಕೇಳಿ. ಫುರ್ಟ್‌ವೆಂಗ್ಲರ್ ವೇಗವನ್ನು ಎಷ್ಟು ಏರಿಸುತ್ತಾರೆಂದರೆ ಆರ್ಕೆಸ್ಟ್ರಾ ಬಿದ್ದೂ ಎದ್ದೂ ಓಡುತ್ತದೆ. ಯಾರು ಯಾರ ಜೊತೆಗಿದ್ದಾರೆ ಅಂತ ತಿಳಿಯದು. ಸ್ಟುಡಿಯೋದಲ್ಲಾಗಿದ್ದರೆ ‘ಇನ್ನೊಂದು ಸಲ’ ಅಂದುಬಿಡುತ್ತಿದ್ದರು.

ಇದನ್ನೇ ಮೊದಲ ಸಲ ಕೇಳುವವರಿಗೆ ಕೊಡಬೇಡಿ. ಒಂದೇ ಚಾನೆಲ್ಲಿನ ಮೋನೋ ಸದ್ದು, ಕೊನೆಯ ಭಾಗದಲ್ಲಿ ಹಾಡುವ ಕೋರಸ್ ಮಂಕು. ಮೊದಲು ಕಂಡಕ್ಟರ್ ಕರಾಯಾನ್ ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ 1962ರಲ್ಲಿ ಮಾಡಿದ ಸ್ಟುಡಿಯೋ ರೆಕಾರ್ಡಿಂಗ್ ಕೇಳಲಿ. ಪ್ರತಿಯೊಂದೂ ಇರಬೇಕಾದ ಜಾಗದಲ್ಲಿದೆ.

ಇನ್ನೊಂದು ಹೆಸರಾಂತ ಲೈವ್ ಅಮೆರಿಕದ ಕಂಡಕ್ಟರ್ ಬರ್ನ್‌ಸ್ಟೈನ್‌ರದ್ದು. ಬರ್ಲಿನ್ ಗೋಡೆ ತೆರೆದ ಮೇಲೆ, 1989ರ ಕ್ರಿಸ್‌ಮಸ್ ದಿನ, ಪೂರ್ವ ಬರ್ಲಿನ್‌ನಲ್ಲಿ ನಡೆದದ್ದು. ಪೂರ್ವ ಪಶ್ಚಿಮ ಎರಡೂ ಕಡೆಯ ಆರ್ಕೆಸ್ಟ್ರಾಗಳ ವಾದಕರು ಒಟ್ಟಿಗೆ ಕೂತಿದ್ದರು. ಕೊನೆಯ ಭಾಗದ ಹಾಡಿನಲ್ಲಿ ‘ಆನಂದ’ ಅನ್ನುವ ಕಡೆಯೆಲ್ಲ ‘ಸ್ವಾತಂತ್ರ್ಯ’ ಅಂತ ಹಾಡಿಸಿದರು. ಸಂದರ್ಭ ದೊಡ್ಡದು, ನಿಜ. ನುಡಿಸಿದ ರೀತಿ ಮಾತ್ರ ನನಗೆ ಭಾರ ಅನ್ನಿಸುತ್ತದೆ. ಮೂರನೇ ಭಾಗವಂತೂ ನಿಂತೇ ಹೋಯಿತೇನೋ ಅನ್ನುವಷ್ಟು ನಿಧಾನ. ವಿಡಿಯೋ ಸಿಕ್ಕರೆ ನೋಡಿ. ಬರೀ ಆಡಿಯೋ ಕೊಳ್ಳಲು ದುಡ್ಡು ಹಾಕಬೇಕಾಗಿಲ್ಲ.

ಮಾಲರ್ ಒಂಬತ್ತು: ಇಲ್ಲಿ ಲೈವ್ ಬೇಕೇ ಬೇಕು

ಲೈವ್‌ನಿಂದ ನಿಜಕ್ಕೂ ಏನು ಸಿಗುತ್ತದೆ ಅಂತ ತಿಳಿಯಬೇಕಾದರೆ ಮಾಲರ್‌ನ ಒಂಬತ್ತನೆಯದನ್ನು ಹಿಡಿಯಬೇಕು. ಮಾಲರ್ ಇದನ್ನು ಕಿವಿಯಾರೆ ಕೇಳಲೇ ಇಲ್ಲ. 1911ರಲ್ಲಿ ತೀರಿಕೊಂಡರು. ಮರುವರ್ಷ ವಿಯೆನ್ನಾದಲ್ಲಿ ಶಿಷ್ಯ ಬ್ರೂನೋ ವಾಲ್ಟರ್ ಮೊದಲ ಸಲ ನುಡಿಸಿದರು.

ಅದೇ ವಾಲ್ಟರ್, ಅದೇ ಊರು, 1938ರ ಜನವರಿ 16. ಎಚ್‌ಎಂವಿಯವರು ಕಚೇರಿಯನ್ನೇ ನೇರವಾಗಿ ತಟ್ಟೆಗಳಿಗೆ ಹಿಡಿದರು. ಎರಡು ತಿಂಗಳೂ ಕಳೆಯಲಿಲ್ಲ, ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಯಹೂದಿಯಾಗಿದ್ದ ವಾಲ್ಟರ್ ಯುದ್ಧ ಮುಗಿಯುವವರೆಗೆ ಆ ಊರಿನಲ್ಲಿ ಕೆಲಸ ಮಾಡುವಂತಿರಲಿಲ್ಲ. ಆರ್ಕೆಸ್ಟ್ರಾದ ಪಿಟೀಲುಗಾರರ ಮುಂದಾಳು ಆರ್ನಾಲ್ಡ್ ರೋಸೆ, ಮಾಲರ್‌ನ ತಂಗಿಯ ಗಂಡ, ಲಂಡನ್‌ಗೆ ಓಡಬೇಕಾಯಿತು. ಇದೆಲ್ಲ ಗೊತ್ತಿದ್ದು ಕೇಳುವುದರಿಂದ ನಮಗೇ ಏನೇನೋ ಕೇಳಿಸುತ್ತದೆ ಅಂತ ಯಾರಾದರೂ ಅನ್ನಬಹುದು. ಇರಲಿ. ಆದರೆ ಗಡಿಯಾರಕ್ಕೆ ಇತಿಹಾಸ ಗೊತ್ತಿಲ್ಲ, ಅಲ್ವಾ? ಕೊನೆಯ ಅಡಾಜಿಯೋ (ನಿಧಾನಗತಿಯ) ಭಾಗ ಇದರಲ್ಲಿ 18 ನಿಮಿಷದ ಆಸುಪಾಸು. ಈಗಿನವರು ಸುಲಭವಾಗಿ 25 ನಿಮಿಷ ದಾಟಿಸುತ್ತಾರೆ. ವಾಲ್ಟರ್ ಅಳುತ್ತಾ ಕೂರುವುದಿಲ್ಲ, ಹೊರಟು ನಿಂತವರ ಅವಸರ ಇದೆ. ಪಿಟೀಲುಗಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ಈಗ ಯಾವ ಆರ್ಕೆಸ್ಟ್ರಾದಲ್ಲೂ ಇಲ್ಲ. ಸದ್ದು ಕರಕರ, ಸಭಿಕರ ಕೆಮ್ಮು ಧಾರಾಳ. ಇದೇ ವಾಲ್ಟರ್ 1961ರಲ್ಲಿ ಅಮೆರಿಕದಲ್ಲಿ ಸ್ಟೀರಿಯೋದಲ್ಲಿ ಮತ್ತೆ ರೆಕಾರ್ಡ್ ಮಾಡಿದರು, ಸ್ಟುಡಿಯೋ ವ್ಯವಸ್ಥೆಯಲ್ಲಿ. ಶಾಂತ, ಸ್ಪಷ್ಟ, ಒಳ್ಳೆಯದೇ. ಒಬ್ಬರೇ ಕಂಡಕ್ಟರ್, ಒಂದೇ ಕೃತಿ, ನಡುವೆ 23 ವರ್ಷ. ಲೈವ್‌ಗೂ ಸ್ಟುಡಿಯೋಗೂ ವ್ಯತ್ಯಾಸ ತಿಳಿಯಲು ಇವೆರಡನ್ನೂ ಒಂದೇ ವಾರದಲ್ಲಿ ಕೇಳಿ.

ಎರಡನೆಯದು ಬರ್ನ್‌ಸ್ಟೈನ್, ಬರ್ಲಿನ್, 1979ರ ಅಕ್ಟೋಬರ್. ಬರ್ಲಿನ್ ಫಿಲ್ಹಾರ್ಮೋನಿಕ್ ಆಗ ಕರಾಯಾನ್‌ರ ಮನೆ, ಅವರೇ ಅದರ ಮುಖ್ಯ ಕಂಡಕ್ಟರ್. ಅಲ್ಲಿಗೆ ಬರ್ನ್‌ಸ್ಟೈನ್ ಕಂಡಕ್ಟರಾಗಿ ಬಂದದ್ದು ಆ ಒಂದೇ ಸಲ. ರೆಕಾರ್ಡು ಅಂಗಡಿಗೆ ಬಂದದ್ದು ಅವರು ತೀರಿಹೋದ ಮೇಲೆ, 1992ರಲ್ಲಿ. ಇದರಲ್ಲಿ ಒಂದು ಎಡವಟ್ಟು ಇದೆ. ಕೊನೆಯ ಭಾಗದಲ್ಲಿ ಎಲ್ಲ ಸೇರಿ ಉತ್ತುಂಗಕ್ಕೆ ಏರುವ ಜಾಗ, ಸ್ವರಲಿಪಿಯ 118ನೇ ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ). ಅಲ್ಲಿ ಟ್ರಂಬೋನ್‌ಗಳು (ಊದುವ ಹಿತ್ತಾಳೆ ವಾದ್ಯ) ಗಟ್ಟಿಯಾಗಿ ಬರಬೇಕು. ಬರುವುದೇ ಇಲ್ಲ! ಪಿಟೀಲುಗಳು ಉಸಿರು ಬಿಗಿಹಿಡಿದು ಕೂಗುತ್ತಿವೆ, ಕೆಳಗೆ ನೆಲವೇ ಇಲ್ಲ. ಸ್ವರಲಿಪಿ ಹಿಡಿದು ಕೇಳುವವರಿಗೆ ಇದು ಸಹಿಸಲಾಗದ ತಪ್ಪು. ಮಿಕ್ಕವರಿಗೆ ಗೊತ್ತೇ ಆಗದಿರಬಹುದು. ಏಕೆಂದರೆ ಆ ಹೊತ್ತಿಗೆ ತಂತಿವಾದ್ಯಗಳು ನುಡಿಸುತ್ತಿರುವ ಬಗೆ ಹಾಗಿದೆ. ತಮ್ಮದಲ್ಲದ ಶೈಲಿಗೆ ಸಿಕ್ಕಿಬಿದ್ದ ಆರ್ಕೆಸ್ಟ್ರಾ, ಕೈಗೆ ಸಿಗದ ಕಂಡಕ್ಟರ್, ಇಬ್ಬರೂ ಜಗ್ಗಾಡುತ್ತಿರುವುದು ಕೇಳಿಸುತ್ತದೆ.

ಅದೇ ಆರ್ಕೆಸ್ಟ್ರಾವನ್ನು ಕರಾಯಾನ್ ಮೂರು ವರ್ಷದ ನಂತರ, 1982ರಲ್ಲಿ, ಅದೇ ಸಿಂಫನಿಯಲ್ಲಿ ಲೈವ್ ನಡೆಸಿದರು. ಅದಕ್ಕೂ ಮುಂಚೆ ಸ್ಟುಡಿಯೋದಲ್ಲಿ ಇದನ್ನು ಮಾಡಿದ್ದರೂ ತೃಪ್ತಿಯಿಲ್ಲದೆ ಮತ್ತೆ ಬಂದರು. ಈ ಲೈವ್‌ನಲ್ಲಿ ಒಂದು ಸ್ವರವೂ ಎಲ್ಲೂ ಜಾರದು. ಬರ್ನ್‌ಸ್ಟೈನ್‌ರದ್ದು ಗಾಯ ತೋರಿಸುತ್ತದೆ, ಇದು ಮುಚ್ಚಿಟ್ಟುಕೊಂಡು ನಡೆಯುತ್ತದೆ. ಒಂದೇ ರೆಕಾರ್ಡು ಕೊಳ್ಳುವವರು ಇದನ್ನೇ ಕೊಳ್ಳಿ. ಎರಡು ಕೊಳ್ಳುವವರಿಗೆ ಮಾತ್ರ ಬರ್ನ್‌ಸ್ಟೈನ್.

ಕಣ್ಣಿನಿಂದಲೂ ನೋಡಬೇಕು ಅನ್ನುವವರಿಗೆ ಕ್ಲಾಡಿಯೋ ಅಬ್ಬಾಡೋ, ಲೂಸೆರ್ನ್ ಉತ್ಸವ, 2010. ಕೊನೆಯ ಪುಟದಲ್ಲಿ ಸ್ವರಗಳು ಒಂದೊಂದಾಗಿ ಆರುತ್ತಾ ಹೋಗುತ್ತವೆ. ಸಭಾಂಗಣದ ದೀಪವನ್ನೂ ಮೆಲ್ಲಗೆ ತಗ್ಗಿಸುತ್ತಾರೆ. ಮುಗಿದ ಮೇಲೆ ಎರಡು ನಿಮಿಷದಷ್ಟು ಹೊತ್ತು ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಮ್ಮ ಕಚೇರಿಗಳಲ್ಲಿ ತನಿ ಆವರ್ತನ ಮುಗಿಯುವ ಮೊದಲೇ ಕೈ ಎತ್ತುವ ನಮಗೆ ಇದು ವಿಚಿತ್ರ. ದೀಪ ತಗ್ಗಿಸುವುದು ಸ್ವಲ್ಪ ನಾಟಕ ಅಂತಲೂ ನನಗೆ ಅನ್ನಿಸುತ್ತದೆ. ಆದರೆ ಆ ಎರಡು ನಿಮಿಷ ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ.

ಮಾಲರ್ ಉದ್ದ ಜಾಸ್ತಿಯಾಯಿತು, ಅಷ್ಟು ಹೊತ್ತು ಕೂರಲಾರೆ ಅನ್ನುವವರು ಕಾರ್ಲೋಸ್ ಕ್ಲೈಬರ್ 1982ರ ಮೇ 3ರಂದು ಮ್ಯೂನಿಕ್‌ನಲ್ಲಿ ನಡೆಸಿದ ಬೀಥೋವನ್ ನಾಲ್ಕನೇ ಸಿಂಫನಿಯನ್ನು ಹಾಕಿಕೊಳ್ಳಿ. ಅರ್ಧ ಗಂಟೆಯ ವಿಷಯ. ಕೊನೆಯ ಭಾಗದಲ್ಲಿ ಬಸೂನ್‌ (ತಗ್ಗು ದನಿಯ ಊದುವ ವಾದ್ಯ) ನುಡಿಸುವವರಿಗೆ ಒಂದು ಕುಖ್ಯಾತ ಓಟವಿದೆ. ಆ ವೇಗದಲ್ಲಿ ಅದನ್ನು ನುಡಿಸುವುದನ್ನು ಕೇಳಿದರೆ ನಗು ಬರುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕೇಳಿ.

ಹೊಸ ಸಂಗೀತದಲ್ಲಿ ಲೆಕ್ಕವೇ ಬೇರೆ

ಬೀಥೋವನ್, ಮಾಲರ್ ಆದರೆ ಹತ್ತಾರು ರೆಕಾರ್ಡುಗಳ ನಡುವೆ ಆರಿಸಬಹುದು. ಈಗಿನ ರಚನೆಕಾರರ ವಿಷಯದಲ್ಲಿ ಎಷ್ಟೋ ಸಲ ಇರುವುದೇ ಒಂದು ರೆಕಾರ್ಡು. ದೊಡ್ಡ ಆರ್ಕೆಸ್ಟ್ರಾವನ್ನು ದಿನಗಟ್ಟಲೆ ಸ್ಟುಡಿಯೋದಲ್ಲಿ ಕೂರಿಸುವ ಖರ್ಚು ಯಾರಿಗೂ ಬೇಡ. ಹೇಗೂ ಕಚೇರಿಗೆ ತಾಲೀಮು ಆಗಿದೆ, ಮೈಕ್ ಇಟ್ಟುಬಿಟ್ಟರೆ ಆಯಿತು. ಹಾಗಾಗಿ ಹೊಸ ಸಂಗೀತದಲ್ಲಿ ಲೈವ್ ಅನ್ನುವುದು ಒಂದು ಅಭಿರುಚಿಯಲ್ಲ, ಬಜೆಟ್ಟು. ಆಯ್ಕೆ ಇದ್ದಾಗ ಏನು ನೋಡಬೇಕು ಅನ್ನುವುದಕ್ಕೆ ಕೆಲವು ಉದಾಹರಣೆ.

ಪೋಲೆಂಡಿನ ಹೆನ್ರಿಕ್ ಗುರೆಟ್ಸ್‌ಕಿಯ ಮೂರನೇ ಸಿಂಫನಿ, 1976ರಲ್ಲಿ ಬರೆದದ್ದು. ಮೂರು ಭಾಗ, ಮೂರೂ ನಿಧಾನ. ನಡುವಿನ ಭಾಗದ ಸಾಹಿತ್ಯ ಗೆಸ್ಟಾಪೋ ಸೆರೆಮನೆಯ ಗೋಡೆಯ ಮೇಲೆ ಹದಿನೆಂಟರ ಹುಡುಗಿಯೊಬ್ಬಳು ಬರೆದ ಪ್ರಾರ್ಥನೆ. 1992ರಲ್ಲಿ ಡೇವಿಡ್ ಜಿನ್‌ಮನ್, ಲಂಡನ್ ಸಿನ್ಫೋನಿಯೆಟ್ಟಾ, ಸೊಪ್ರಾನೋ (ಎತ್ತರದ ದನಿಯ ಗಾಯಕಿ) ಡಾನ್ ಅಪ್‌ಶಾ ಇವರ ಸ್ಟುಡಿಯೋ ರೆಕಾರ್ಡಿಂಗ್ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇದಕ್ಕೆ ಎದುರಾಗಿ 2014ರ ನವೆಂಬರಿನಲ್ಲಿ ವಾರ್ಸಾದಲ್ಲಿ ನಡೆದ ಲೈವ್ ಇದೆ. ಪೋಲಿಷ್ ರೇಡಿಯೋ ಆರ್ಕೆಸ್ಟ್ರಾ, ಕಂಡಕ್ಟರ್ ಪೆಂಡೆರೆಟ್ಸ್‌ಕಿ, ಹಾಡಿದ್ದು ಪೋರ್ಟಿಸ್‌ಹೆಡ್ ಬ್ಯಾಂಡಿನ ಬೆತ್ ಗಿಬ್ಬನ್ಸ್. ಅವರು ಒಪೆರಾ ಗಾಯಕಿಯಲ್ಲ, ಪೋಲಿಷ್ ಭಾಷೆಯೂ ಬಾರದು. ದನಿ ನಡುಗುತ್ತದೆ, ಮೇಲಿನ ಸ್ವರಗಳು ಕಷ್ಟಪಟ್ಟು ಬರುತ್ತವೆ. ಅಪ್‌ಶಾ ಹಾಡಿದಾಗ ದೇವದೂತರ ದನಿ, ಇಲ್ಲಿ ಮನುಷ್ಯರ ದನಿ. ಎರಡನೇ ಭಾಗದ ಮಟ್ಟಿಗೆ ನನಗೆ ಗಿಬ್ಬನ್ಸ್ ಹೆಚ್ಚು ತಾಗುತ್ತಾರೆ. ಮೊದಲ ಭಾಗಕ್ಕೆ ಜಿನ್‌ಮನ್ನೇ ಸರಿ. ಅದು ಡಬಲ್ ಬಾಸ್‌ಗಳ ತಳದಿಂದ ಹೊರಟು ಪದರ ಪದರವಾಗಿ ಏರುತ್ತದೆ. ಆ ತಳ ಕೇಳಿಸಲು ಸ್ಟುಡಿಯೋದ ನಿಶ್ಶಬ್ದ ಬೇಕು.

ಜಾನ್ ಆ್ಯಡಮ್ಸ್‌ನ ‘ಆನ್ ದ ಟ್ರಾನ್ಸ್‌ಮೈಗ್ರೇಷನ್ ಆಫ್ ಸೋಲ್ಸ್’ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರಿಗಾಗಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಬರೆಸಿದ್ದು. 2002ರ ಸೆಪ್ಟೆಂಬರಿನಲ್ಲಿ ಲೊರಿನ್ ಮಾಜೆಲ್ ಮೊದಲ ಸಲ ನುಡಿಸಿದರು. ಮರುವರ್ಷ ಪುಲಿಟ್ಜರ್ ಬಂತು. ಸತ್ತವರ ಹೆಸರುಗಳನ್ನು ಓದುವ ದನಿಗಳು, ರಸ್ತೆಯ ಸದ್ದು, ಮಕ್ಕಳ ಕೋರಸ್ ಎಲ್ಲ ಆರ್ಕೆಸ್ಟ್ರಾದ ಜೊತೆ ಹೆಣೆದುಕೊಂಡಿವೆ. ಇದನ್ನು ಕೇಳುವವರು ಜೊತೆಗೆ ಸ್ಯಾನ್‌ಫ್ರಾನ್ಸಿಸ್ಕೋ ಸಿಂಫನಿಯ ಮಾಲರ್ ಆರನೆಯದನ್ನೂ ಕೇಳಬೇಕು. ಮೈಕಲ್ ಟಿಲ್ಸನ್ ಥಾಮಸ್ ಅದನ್ನು ರೆಕಾರ್ಡ್ ಮಾಡಿದ್ದು 2001ರ ಸೆಪ್ಟೆಂಬರ್ 12ರಿಂದ 15ರವರೆಗೆ. ಕಚೇರಿ ಮೊದಲೇ ಗೊತ್ತಾಗಿತ್ತು, ದಾಳಿ ಹಿಂದಿನ ದಿನ ನಡೆಯಿತು. ನಾಲ್ಕು ರಾತ್ರಿಯಿಂದ ಜೋಡಿಸಿದ ಲೈವ್ ಇದು. ಹಾಗೆ ಜೋಡಿಸಿದ್ದರಲ್ಲೂ ‘ಆ ರಾತ್ರಿ’ ಉಳಿಯಬಲ್ಲದು ಅನ್ನುವುದಕ್ಕೆ, ಅಂದರೆ ನನ್ನ ಮೇಲಿನ ಲೆಕ್ಕಕ್ಕೆ, ಇದೊಂದು ಅಪವಾದ.

ಥಾಮಸ್ ಆಡೆಸ್‌ನ ‘ದಾಂತೆ’ಯನ್ನು ಗುಸ್ತಾವೋ ದುದಾಮೆಲ್ ಲಾಸ್ ಏಂಜಲೀಸ್‌ನಲ್ಲಿ ಲೈವ್ ಹಿಡಿದರು, 2024ರಲ್ಲಿ ಗ್ರ್ಯಾಮಿ ಬಂತು. ಒಂದೂವರೆ ಗಂಟೆಯ ಬ್ಯಾಲೆ ಸಂಗೀತ. ಎರಡನೇ ಭಾಗದಲ್ಲಿ ಜೆರುಸಲೇಮಿನ ಯಹೂದಿ ಪ್ರಾರ್ಥನಾಮಂದಿರದ ಗಾಯನದ ಟೇಪು ಆರ್ಕೆಸ್ಟ್ರಾದ ನಡುವಿನಿಂದ ಕೇಳಿಬರುತ್ತದೆ. ಹೊಸ ಸಂಗೀತ ಅಂದರೆ ಕಿರಿಕಿರಿ ಅಂದುಕೊಂಡವರಿಗೆ ಇಲ್ಲಿಂದ ಶುರುಮಾಡಿ ಅನ್ನುತ್ತೇನೆ.

ರಾಗ ಬಲ್ಲವರಿಗೆ ಇನ್ನೊಂದು ದಾರಿ ಇದೆ. ರವಿಶಂಕರ್ ತೊಂಬತ್ತನೇ ವಯಸ್ಸಿನಲ್ಲಿ ಸಿಂಫನಿ ಬರೆದರು. 2010ರ ಜುಲೈ 1ರಂದು ಲಂಡನ್ ಫಿಲ್ಹಾರ್ಮೋನಿಕ್ ಅದನ್ನು ಮೊದಲ ಸಲ ನುಡಿಸಿತು, ಕಂಡಕ್ಟರ್ ಡೇವಿಡ್ ಮರ್ಫಿ, ಸಿತಾರ್ ಅನೌಷ್ಕಾ ಶಂಕರ್. ಆ ಲೈವ್ ಆರ್ಕೆಸ್ಟ್ರಾದ ಸ್ವಂತ ಲೇಬಲ್‌ನಲ್ಲೇ ಬಂದಿದೆ. ಎರಡನೇ ಭಾಗ ಆಹಿರ್ ಭೈರವ್. ಅಂದರೆ ನಮ್ಮ ಚಕ್ರವಾಕಕ್ಕೆ ಹತ್ತಿರದ್ದು. ತಂತಿವಾದ್ಯಗಳು ಗಮಕಕ್ಕೆ ಕೈ ಹಾಕಿದಾಗ ಸ್ವಲ್ಪ ತಡವರಿಸುವುದು ನಮ್ಮ ಕಿವಿಗೆ ಬೇಗ ತಿಳಿಯುತ್ತದೆ.

ಮೈಸೂರಿಗೆ ಹೊರಟ ತಟ್ಟೆಗಳು

ಹೊಸ ಸಂಗೀತದ ಮೊದಲ ರಾತ್ರಿಯ ಮಾತು ಬಂದಾಗ ಒಂದು ರೆಕಾರ್ಡು ನಮ್ಮ ಲೆಕ್ಕಕ್ಕೇ ಸೇರಬೇಕು. ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’. ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. 1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದರು. ನುಡಿಸಿದ್ದು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ, ನಡೆಸಿದ್ದು ಅದೇ ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರ್ ಖಾತರಿ ನಿಂತವರು ಮೈಸೂರಿನ ಮಹಾರಾಜರು, ಜಯಚಾಮರಾಜೇಂದ್ರ ಒಡೆಯರ್. ಅವರ ಬಳಿ ಆಗಲೇ ಸುಮಾರು 20,000 ರೆಕಾರ್ಡುಗಳಿದ್ದವು. ಕಚೇರಿಗೆ ಹೋಗಲಾಗದಿದ್ದರೂ ಅದನ್ನು ರೆಕಾರ್ಡ್ ಮಾಡಿ ತಮ್ಮ ಸಂಗ್ರಹಕ್ಕೆ ಕಳಿಸಬೇಕು ಅನ್ನುವುದು ಅವರ ಆಸೆ. ಫಿಲ್ಹಾರ್ಮೋನಿಯಾವನ್ನು ಕಟ್ಟಿದ್ದು ಮೇಲೆ ಹೇಳಿದ ವಾಲ್ಟರ್ ಲೆಗ್. ಅದರ ಕಚೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಮಹಾರಾಜರೇ.

ಆ ರಾತ್ರಿಯ ಸದ್ದು ಈಗಲೂ ಸಿಗುತ್ತದೆ. ಕೇಳಲು ಕಷ್ಟ. ಸದ್ದಿನ ಗುಣಮಟ್ಟ ತೀರಾ ಕೆಟ್ಟದ್ದು, ಆರ್ಕೆಸ್ಟ್ರಾ ಎಲ್ಲೋ ಪಕ್ಕದ ಬೀದಿಯಲ್ಲಿದ್ದಂತೆ ಕೇಳಿಸುತ್ತದೆ. ಕೃತಿಯನ್ನು ಪ್ರೀತಿಸಲು ಗಾಯಕಿ ಜೆಸ್ಸಿ ನಾರ್ಮನ್ ಕಂಡಕ್ಟರ್ ಕುರ್ಟ್ ಮಸುರ್ ಜೊತೆ 1982ರಲ್ಲಿ ಮಾಡಿದ ಸ್ಟುಡಿಯೋ ರೆಕಾರ್ಡಿಂಗ್ ಕೇಳಿ. ಉಸಿರು ಎಲ್ಲಿಂದ ತರುತ್ತಾರೆ ಅಂತ ಆಶ್ಚರ್ಯವಾಗುವಷ್ಟು ನಿಧಾನ. ಗಾಯಕಿ ಎಲಿಜಬೆತ್ ಶ್ವಾರ್ಜ್‌ಕಾಫ್, ಕಂಡಕ್ಟರ್ ಜಾರ್ಜ್ ಸೆಲ್ ಜೋಡಿಯದ್ದು ಇನ್ನೂ ಬೇಕಾದಷ್ಟು ಜನರ ಮೊದಲ ಆಯ್ಕೆ. ಅದಾದ ಮೇಲೆ 1950ಕ್ಕೆ ಹೋಗಿ.

ಎಲ್ಲಿ, ಹೇಗೆ ಕೇಳುವುದು

ದುಡ್ಡು ಖರ್ಚು ಮಾಡುವ ಮುಂಚೆ ಯೂಟ್ಯೂಬ್‌ನಲ್ಲಿ ಫ್ರಾಂಕ್‌ಫರ್ಟ್ ರೇಡಿಯೋ ಆರ್ಕೆಸ್ಟ್ರಾದ ಚಾನೆಲ್ ನೋಡಿ. ಎಚ್‌ಆರ್ ಸಿನ್ಫೊನಿಆರ್ಕೆಸ್ಟರ್ ಅಂತ ಹೆಸರು. ಪೂರ್ತಿ ಸಿಂಫನಿಗಳು, ಒಳ್ಳೆಯ ಸದ್ದು, ಪುಕ್ಕಟೆ. ದುಡ್ಡು ಕೊಡುವವರಿಗೆ ಬರ್ಲಿನ್ ಫಿಲ್ಹಾರ್ಮೋನಿಕ್‌ನ ಡಿಜಿಟಲ್ ಕನ್ಸರ್ಟ್ ಹಾಲ್ ಇದೆ, 2008ರಲ್ಲಿ ಶುರುವಾದದ್ದು. ಹೊಸ ಸಂಗೀತವೂ ಧಾರಾಳವಾಗಿ ಬರುತ್ತದೆ. ನೇರಪ್ರಸಾರಕ್ಕೇ ಕಾದು ಕೂತರೆ ಚಳಿಗಾಲದಲ್ಲಿ ಬರ್ಲಿನ್‌ನ ಸಂಜೆ ಏಳು ನಮಗೆ ರಾತ್ರಿ ಹನ್ನೊಂದೂವರೆ. ಆಮೇಲೆ ಸಂಗ್ರಹದಲ್ಲಿ ಸಿಗುತ್ತದೆ, ನಿದ್ದೆಗೆಡಬೇಕಾಗಿಲ್ಲ. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಸ್ವಂತ ಎಲ್‌ಎಸ್‌ಒ ಲೈವ್ ಲೇಬಲ್‌ನವು ನಂಬಿಕಸ್ಥ ಸರಕು, ಎಲ್ಲ ಸ್ಟ್ರೀಮಿಂಗ್‌ನಲ್ಲೂ ಇವೆ. ಲಂಡನ್‌ನ ಬಾರ್ಬಿಕನ್ ಸಭಾಂಗಣದ ಒಣ ಸದ್ದು ಕೆಲವರಿಗೆ ಹಿಡಿಸುವುದಿಲ್ಲ, ಅಷ್ಟೇ.

ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮೂರು ಕೆಲಸ ಮಾಡಿ. ಷಫಲ್ ಆಫ್ ಮಾಡಿ, ಇಲ್ಲದಿದ್ದರೆ ಮೂರನೇ ಭಾಗ ಮೊದಲು ಬರುತ್ತದೆ. ‘ಗ್ಯಾಪ್‌ಲೆಸ್’ (ಭಾಗಗಳ ನಡುವೆ ತುಂಡಾಗದಂತೆ ನುಡಿಸುವುದು) ಆನ್ ಮಾಡಿ. ಬೀಥೋವನ್ ಐದನೆಯದರಲ್ಲಿ ಮೂರನೇ ಭಾಗದಿಂದ ನಾಲ್ಕಕ್ಕೆ ಬಿಡುವೇ ಇಲ್ಲದೆ ಹೋಗಬೇಕು. ಅಲ್ಲಿ ಅರೆಕ್ಷಣ ತುಂಡಾದರೂ ಇಡೀ ಸಿಂಫನಿಯ ಮಜಾ ಹೋಗುತ್ತದೆ. ‘ವಾಲ್ಯೂಮ್ ನಾರ್ಮಲೈಸೇಷನ್’ (ಸದ್ದನ್ನು ಒಂದೇ ಮಟ್ಟಕ್ಕೆ ತರುವುದು) ಆಫ್ ಮಾಡಿ. ಮೆಲುದನಿ ಮೆಲ್ಲಗೆ, ಜೋರುದನಿ ಜೋರಾಗಿ ಕೇಳಬೇಕು. ಆಮೇಲೆ ಮಾಲರ್‌ನ ಕೊನೆಯ ಪುಟ ಮಾತ್ರ ಮಿಕ್ಸಿ ಓಡುವ ಹೊತ್ತಿನಲ್ಲಿ, ಬಸ್ಸಿನಲ್ಲಿ ಬೇಡ. ರಾತ್ರಿ, ಹೆಡ್‌ಫೋನ್. ಹಳೆಯ ಮೋನೋ ರೆಕಾರ್ಡುಗಳಿಗೆ ತಿರುಗುಮುರುಗು: ಹೆಡ್‌ಫೋನಿನಲ್ಲಿ ಕರಕರ ನೇರ ಕಿವಿಗೆ ಬಡಿಯುತ್ತದೆ. ಅವನ್ನು ಸ್ಪೀಕರ್‌ನಲ್ಲಿ ಹಾಕಿ, ನಾಲ್ಕು ಹೆಜ್ಜೆ ದೂರ ಕೂತು ಕೇಳಿ.